ಅದೇ ಸೀಸೆ: ನೋವಿನ ನರಕೋಶದಿಂದ ವೀರ್ಯಾಣುವಿನವರೆಗೆ

ಪಿಎಚ್‌ಡಿಯ ಎರಡನೇ ವರ್ಷದಲ್ಲಿ ನನ್ನ ಮೂರು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆ ಮೂರು ತಿಂಗಳು ಕಲಿಸಿದ ಪಾಠವನ್ನು ನಾಲ್ಕು ವರ್ಷದ ನಂತರ, ಬೇರೆಯದೇ ಕೋಶದ ಮುಂದೆ, ಮತ್ತೊಮ್ಮೆ ಕಲಿಯಬೇಕಾಯಿತು. ಕೋಶಗಳೊಳಗಿನ ಕ್ಯಾಲ್ಸಿಯಂ ನೋಡುವ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಎಂದು ಎರಡನ್ನೂ ಬರೆದಿಡುತ್ತಿದ್ದೇನೆ.

ನೋವಿನ ಲ್ಯಾಬಿನಲ್ಲಿ ನಮ್ಮ ದಿನ ಶುರುವಾಗುತ್ತಿದ್ದದ್ದು ಇಲಿಯಿಂದ. ಅದರ ಬೆನ್ನುಹುರಿಯ ಎರಡೂ ಪಕ್ಕ, ಮೂಳೆಯ ಸಂದಿಯಲ್ಲಿ, ರಾಗಿ ಕಾಳಿಗಿಂತ ಚಿಕ್ಕ ಗಂಟುಗಳಿರುತ್ತವೆ. ಹೆಸರು ಡಾರ್ಸಲ್ ರೂಟ್ ಗ್ಯಾಂಗ್ಲಿಯಾನ್, ನಮ್ಮ ಬಾಯಲ್ಲಿ ಡಿಆರ್‌ಜಿ. ಚರ್ಮ, ಕೀಲು, ಕರುಳು, ಗರ್ಭಕೋಶ, ಮುಖ ಬಿಟ್ಟು ಮೈಯ ಬಹುಪಾಲು ಕಡೆಯಿಂದ ನೋವಿನ ಸುದ್ದಿ ಹೊತ್ತು ತರುವ ನರಕೋಶಗಳು ಇರುವುದು ಅಲ್ಲೇ. ಒಂದೊಂದೇ ಗಂಟು ಬಿಡಿಸಿ ಕೊಲಾಜಿನೇಸ್‌ನಲ್ಲಿ ನೆನೆಸಿ, ಆಮೇಲೆ ಟ್ರಿಪ್ಸಿನ್‌ಗೆ ಹಾಕಿ (ಎರಡೂ ಅಂಗಾಂಶ ಸಡಿಲಿಸುವ ಕಿಣ್ವಗಳು), ತುದಿಯನ್ನು ಬೆಂಕಿಗೆ ಹಿಡಿದು ನಯ ಮಾಡಿದ ಗಾಜಿನ ಪಿಪೆಟ್ಟಿನಲ್ಲಿ ಮೆಲ್ಲಗೆ ಎಳೆದು ಬಿಡುತ್ತಾ ಹೋದರೆ ಕೋಶಗಳು ಬಿಡಿಬಿಡಿಯಾಗುತ್ತವೆ. ಅವಸರ ಮಾಡಿ ನೊರೆ ಬರಿಸಿದಿರೋ, ಆ ದಿನದ ಕೆಲಸ ಕೆಟ್ಟಂತೆ. ಒಂದು ಜೀವ ತೆಗೆದು ಪಡೆದ ಕೋಶಗಳವು. ಹಾಗಾಗಿ ಪಿಪೆಟ್ಟು ಹಿಡಿದಾಗ ನಮ್ಮ ಲ್ಯಾಬಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಕೋಶ ಅಂಟಿಕೊಳ್ಳಲೆಂದು ಲ್ಯಾಮಿನಿನ್ ಎಂಬ ಪ್ರೋಟೀನ್ ಹಚ್ಚಿದ ತೆಳು ಗಾಜಿನ ಮೇಲೆ ಒಂದು ರಾತ್ರಿ ಬಿಟ್ಟು, ಮಾರನೇ ದಿನ ಫ್ಯೂರಾ-2 ಬಣ್ಣ ತುಂಬಿಸುತ್ತಿದ್ದೆವು. 1985ರಲ್ಲಿ ರೋಜರ್ ಚಿಯೆನ್ ಅವರ ಲ್ಯಾಬಿನಿಂದ ಬಂದ ಬಣ್ಣವಿದು. 340 ಮತ್ತು 380 ನ್ಯಾನೊಮೀಟರ್ ಬೆಳಕನ್ನು ಒಂದಾದ ಮೇಲೊಂದು ಬಿಟ್ಟು, 510ರ ಆಸುಪಾಸಿನಲ್ಲಿ ಹೊರಡುವ ಹೊಳಪಿನ ಅನುಪಾತ ನೋಡಿದರೆ ಕೋಶದೊಳಗೆ ಕ್ಯಾಲ್ಸಿಯಂ ಏರಿತೋ ಇಳಿಯಿತೋ ಗೊತ್ತಾಗುತ್ತದೆ. ಅನುಪಾತವಾದ್ದರಿಂದ ಒಂದು ಕೋಶಕ್ಕೆ ಬಣ್ಣ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹಿಡಿದಿದ್ದರೂ ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ.

ಆ ಕೋಶಗಳ ಮೇಲೆ ಹರಿಸುತ್ತಿದ್ದದ್ದು ಕ್ಯಾಪ್ಸೈಸಿನ್, ಮೆಣಸಿನಕಾಯಿಯ ಖಾರದ ಅಂಶ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಇದು ಕಡಿಮೆ, ಅದಕ್ಕೇ ಸಾರು ಕೆಂಪಗಾದರೂ ಬಾಯಿ ಅಷ್ಟು ಸುಡುವುದಿಲ್ಲ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಕ್ಯಾಪ್ಸೈಸಿನ್ ಹೋಗಿ ಕೂರುವ ಚಾನೆಲ್ಲನ್ನು, ಅಂದರೆ ಕ್ಯಾಲ್ಸಿಯಂ ಒಳಬಿಡುವ ಕೋಶದ ಬಾಗಿಲನ್ನು, ಹಿಡಿಯಿತು. ಈಗ ಅದನ್ನು ಟಿಆರ್‌ಪಿವಿ1 ಎನ್ನುತ್ತೇವೆ. ಸುಮಾರು 43 ಡಿಗ್ರಿ ದಾಟಿದ ಬಿಸಿಗೂ ಅದೇ ಬಾಗಿಲು ತೆರೆಯುತ್ತದೆ. ಒಲೆಯ ಬೆಂಕಿಗೂ ಮೆಣಸಿನಕಾಯಿ ಹೆಚ್ಚಿದ ಕೈಗೂ ನಮ್ಮಮ್ಮ ‘ಉರಿ’ ಎಂಬ ಒಂದೇ ಮಾತು ಬಳಸುವುದು ಎಷ್ಟು ಸರಿಯೆಂದು ನನಗೆ ಹೊಳೆದದ್ದು ಆ ಪ್ರಬಂಧ ಓದಿದ ರಾತ್ರಿ.

ನನ್ನ ಪ್ರಶ್ನೆ ಪ್ರೊಸ್ಟಾಗ್ಲಾಂಡಿನ್ ಇ2 ಬಗ್ಗೆ. ಗಾಯವಾದ ಕಡೆ, ಮುಟ್ಟಿನ ಸಮಯದಲ್ಲಿ ಗರ್ಭಕೋಶದಲ್ಲಿ ಹುಟ್ಟುವ ವಸ್ತು. ಕ್ಯಾಪ್ಸೈಸಿನ್ ಒಮ್ಮೆ ಕೊಟ್ಟು, ತೊಳೆದು, ಐದು ನಿಮಿಷ ಪ್ರೊಸ್ಟಾಗ್ಲಾಂಡಿನ್ ಹರಿಸಿ, ಮತ್ತೆ ಕ್ಯಾಪ್ಸೈಸಿನ್ ಕೊಟ್ಟು ಎರಡು ಏರಿಕೆಗಳನ್ನು ಹೋಲಿಸಬೇಕು. ಮಧ್ಯೆ ಏನೂ ಕೊಡದಿದ್ದರೆ ಎರಡನೆಯದು ಯಾವಾಗಲೂ ಚಿಕ್ಕದು. ಒಳನುಗ್ಗಿದ ಕ್ಯಾಲ್ಸಿಯಮ್ಮೇ ಆ ಬಾಗಿಲನ್ನು ಜಡ ಮಾಡಿಬಿಡುತ್ತದೆ. ಕೊನೆಗೆ 50 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್. ಅದಕ್ಕೆ ಎದ್ದದ್ದು ಜೀವಂತ ನರಕೋಶ, ಏಳದ್ದನ್ನು ಲೆಕ್ಕದಿಂದ ಬಿಡಬೇಕು.

ನನ್ನ ಕೋಶಗಳು ಪೊಟ್ಯಾಸಿಯಂಗೆ ಚೆನ್ನಾಗಿಯೇ ಏಳುತ್ತಿದ್ದವು. ಕ್ಯಾಪ್ಸೈಸಿನ್‌ಗೆ ಮಾತ್ರ, ಮೊದಲ ಸಲವೇ, ಗೋಡೆಯ ಹಾಗೆ ಸುಮ್ಮನೆ. ಹೊಸ ಕ್ಯಾಪ್ಸೈಸಿನ್ ತರಿಸಿದೆ, ಬಣ್ಣ ಬದಲಿಸಿದೆ, ಕಿಣ್ವದ ಸಮಯ ಕಡಿಮೆ ಮಾಡಿದೆ. ಎಲ್ಲವನ್ನೂ ಬದಲಿಸಿದೆ, ಹರಿವಿನ ಕೊಳವೆಯೊಂದನ್ನು ಬಿಟ್ಟು. ಕೊನೆಗೆ ಪಕ್ಕದ ಬೆಂಚಿನ ಅಕ್ಕ ಬಂದು ಕೊಳವೆ ಬೆಳಕಿಗೆ ಹಿಡಿದು, “ಹೋದ ವಾರ ಇದ್ರಲ್ಲಿ ಏನೇ ಹರಿಸಿದ್ದೆ?” ಅಂದರು. ಕ್ಯಾಪ್ಸೈಸಿನ್ ಎಣ್ಣೆಯ ಸ್ವಭಾವದ್ದು. ಪ್ಲಾಸ್ಟಿಕ್ಕಿಗೆ ಅಂಟಿ ಕೂತು, ಬರೀ ಉಪ್ಪುದ್ರಾವಣ ಹರಿಸಿದಾಗಲೂ ಚೂರುಚೂರೇ ಬಿಟ್ಟುಕೊಡುತ್ತದೆ. ನಾನು ‘ಮೊದಲ ಸಲ’ ಎಂದುಕೊಂಡದ್ದು ಕೋಶಕ್ಕೆ ಮೊದಲ ಸಲವಾಗಿರಲೇ ಇಲ್ಲ. ಹೊಸ ಕೊಳವೆ ಹಾಕಿದ ದಿನ ಚಿಕ್ಕ ನರಕೋಶಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಒಟ್ಟಿಗೆ ಬೆಳಗಿದವು. ಕತ್ತಲ ಕೋಣೆಯಲ್ಲಿ ಒಬ್ಬಳೇ ಕೂತು ಅತ್ತೆ. ಅಂದಿನಿಂದ ಕ್ಯಾಪ್ಸೈಸಿನ್‌ಗೆ ಬೇರೆ ದಾರಿ, ಪ್ರತಿ ಸಂಜೆ ಎಥೆನಾಲ್ ತೊಳೆತ, ವಾರಕ್ಕೊಮ್ಮೆ ಕೊಳವೆ ಕಸದ ಬುಟ್ಟಿಗೆ. ಮತ್ತೆ, ಔಷಧಿಗೂ ಮುಂಚೆ ಅದನ್ನು ಕರಗಿಸಿದ ಎಥೆನಾಲ್ ಒಂದನ್ನೇ ಹರಿಸಿ ನೋಡುವುದು ಕಡ್ಡಾಯ.

ಪ್ರೊಸ್ಟಾಗ್ಲಾಂಡಿನ್ ಮುಟ್ಟಿದ ನರಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸುದ್ದಿ ಸಾಗಿಸುವ ಅಣು ಏರುತ್ತದೆ, ಕೈನೇಸ್ ಎಂಬ ಕಿಣ್ವವೊಂದು ಟಿಆರ್‌ಪಿವಿ1ಕ್ಕೆ ಫಾಸ್ಫೇಟ್ ಹಚ್ಚುತ್ತದೆ, ಬಾಗಿಲು ಸಡಿಲವಾಗುತ್ತದೆ. 43 ಡಿಗ್ರಿ ಬೇಕಿದ್ದದ್ದು ಮೈಯ ಸ್ವಂತ ಬಿಸಿಗೇ ತೆರೆದುಕೊಳ್ಳಬಲ್ಲದು. ಮುಟ್ಟಿನ ಮೊದಲ ದಿನ ಹೊಟ್ಟೆ ಹಿಡಿದು ಮೈಕ್ರೋಸ್ಕೋಪಿನ ಮುಂದೆ ಕೂತ ನನಗೆ ಇದು ಬರೀ ಗ್ರಾಫ್ ಆಗಿರಲಿಲ್ಲ. ಮೆಫೆನಾಮಿಕ್ ಆಸಿಡ್ ಮಾತ್ರೆಯನ್ನು ನೋವು ಬಲಿಯುವ ಮೊದಲೇ ತಗೋ ಎಂದು ವೈದ್ಯರು ಏಕೆ ಹೇಳಿದ್ದರೆಂದು ಆಗ ಅರ್ಥವಾಯಿತು. ಆ ಗುಂಪಿನ ಔಷಧಿಗಳು ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ, ಆಗಲೇ ತಯಾರಾದದ್ದನ್ನು ಹೊರಗೆ ಹಾಕುವುದಿಲ್ಲ. ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ. “ಎಲ್ಲರಿಗೂ ಬರೋದೇ, ಸಹಿಸ್ಕೋ” ಎಂದು ಹುಡುಗಿಯರಿಗೆ ಹೇಳುವವರು ಅರ್ಧ ಗಂಟೆ ಮೈಕ್ರೋಸ್ಕೋಪಿನ ಪರದೆಯ ಮುಂದೆ ಕೂರಬೇಕು ಅನ್ನಿಸುತ್ತದೆ ನನಗೆ.

ಪಿಎಚ್‌ಡಿ ಮುಗಿಸಿ ಸೇರಿದ್ದು ವೀರ್ಯಾಣುವಿನ ಲ್ಯಾಬಿಗೆ. ನೋವು ಬಿಟ್ಟು ಅಲ್ಲಿಗ್ಯಾಕೆ ಎಂದು ಕೇಳದವರಿಲ್ಲ. ಫ್ರೀಜರ್ ತೆಗೆದರೆ ಪ್ರೊಸ್ಟಾಗ್ಲಾಂಡಿನ್ನಿನ ಅದೇ ಸೀಸೆ ಕಣ್ಣಿಗೆ ಬಿತ್ತು. 1935ರಲ್ಲಿ ಉಲ್ಫ್ ಫಾನ್ ಆಯ್ಲರ್ ‘ಪ್ರೊಸ್ಟಾಗ್ಲಾಂಡಿನ್’ ಎಂದು ಹೆಸರಿಟ್ಟದ್ದೇ ವೀರ್ಯದಲ್ಲಿ ಕಂಡು, ಪ್ರೊಸ್ಟೇಟ್ ಗ್ರಂಥಿಯಿಂದ ಬರುತ್ತದೆಂದು ತಿಳಿದು. ಬಹುಪಾಲು ಬರುವುದು ವೀರ್ಯಕೋಶಿಕೆಗಳಿಂದ ಎಂದು ಆಮೇಲೆ ತಿಳಿಯಿತು, ಹೆಸರು ಮಾತ್ರ ಉಳಿಯಿತು.

ವೀರ್ಯಾಣುವಿನ ಬಾಲದಲ್ಲಿ ಕ್ಯಾಟ್‌ಸ್ಪರ್ ಎಂಬ ಕ್ಯಾಲ್ಸಿಯಂ ಬಾಗಿಲಿದೆ. 2001ರಲ್ಲಿ ಸಿಕ್ಕಿದ್ದು, ಅದಿಲ್ಲದ ಗಂಡು ಇಲಿಗಳಿಗೆ ಮರಿಯಾಗುವುದಿಲ್ಲ. ಅಂಡದ ಸುತ್ತಲ ಕೋಶಗಳು ಸುರಿಸುವ ಪ್ರೊಜೆಸ್ಟರಾನ್‌ಗೂ ಪ್ರೊಸ್ಟಾಗ್ಲಾಂಡಿನ್‌ಗೂ ಮನುಷ್ಯರಲ್ಲಿ ಇದು ತೆರೆಯುತ್ತದೆಂದು 2011ರಲ್ಲಿ ಎರಡು ತಂಡಗಳು ಒಟ್ಟಿಗೇ ತೋರಿಸಿದವು. ಇಲಿಯ ವೀರ್ಯಾಣು ಹೀಗೆ ಸ್ಪಂದಿಸುವುದಿಲ್ಲ, ಹಾಗಾಗಿ ಒಪ್ಪಿಗೆ ಕೊಟ್ಟ ದಾನಿಗಳ ಮಾದರಿಯೇ ಬೇಕು.

ನಾನು ನೋವಿನ ಲ್ಯಾಬಿನ ವಿಧಾನವನ್ನೇ ಹೊತ್ತು ತಂದಿದ್ದೆ: ಪ್ರೊಸ್ಟಾಗ್ಲಾಂಡಿನ್ ನಿಧಾನವಾಗಿ ಹರಿಸು, ಐದು ನಿಮಿಷ ಕಾಯಿ. ಏರಿಕೆ ಬರಲಿಲ್ಲ. ನರಕೋಶದಲ್ಲಿ ಪ್ರೊಸ್ಟಾಗ್ಲಾಂಡಿನ್‌ನ ಸುದ್ದಿ ಸೈಕ್ಲಿಕ್ ಎಎಂಪಿಯನ್ನು ಸುತ್ತಿಕೊಂಡು ಬಾಗಿಲಿಗೆ ತಲುಪುತ್ತದೆ. ಇಲ್ಲಿ ಆ ಸುತ್ತುದಾರಿಯೇ ಇಲ್ಲ, ಬಾಗಿಲು ಕ್ಷಣದಲ್ಲಿ ತೆರೆಯುತ್ತದೆ. ಸಾಂದ್ರತೆ ನಿಧಾನವಾಗಿ ಏರಿದರೆ ಕ್ಯಾಲ್ಸಿಯಮ್ಮಿನ ದೊಡ್ಡ ಜಿಗಿತ ಕಾಣುವುದೇ ಇಲ್ಲ. ಹರಿಸುವುದನ್ನು ಬಿಟ್ಟು ನೇರವಾಗಿ ಪಿಪೆಟ್ಟಿನಿಂದ ಹಾಕಿದೆ. ಜಿಗಿತ ಬಂತು, ಆದರೆ ಕೆಲವು ದಿನ ದೊಡ್ಡದು, ಕೆಲವು ದಿನ ಇಷ್ಟೇ ಇಷ್ಟು.

ಅಕ್ಕನ ಪ್ರಶ್ನೆ ನೆನಪಾದದ್ದು ಆಗ. ಈ ಕೋಶಕ್ಕೆ ಇದಕ್ಕೂ ಮೊದಲು ಏನು ಸಿಕ್ಕಿತ್ತು? ವೀರ್ಯದ ದ್ರವದಲ್ಲೇ ಪ್ರೊಸ್ಟಾಗ್ಲಾಂಡಿನ್ ಬೇಕಾದಷ್ಟಿದೆಯಲ್ಲ! 37 ಡಿಗ್ರಿಯಲ್ಲಿ ವೀರ್ಯ ತೆಳುವಾಗಲಿ ಎಂದು ನಾನು ಇಡುತ್ತಿದ್ದೆ, ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ಕಾಫಿಗೆ ಹೋದ ದಿನ ಅದು ಒಂದೂವರೆ ಗಂಟೆಯಾಗುತ್ತಿತ್ತು. ನೋಟ್‌ಬುಕ್ ತಿರುವಿ ನೋಡಿದರೆ ಚಿಕ್ಕ ಜಿಗಿತದ ದಿನಗಳೆಲ್ಲ ಅವೇ.

ಈಗ ತೆಳುವಾದ ತಕ್ಷಣ ಮೇಲೆ ಕೋಶ ಸಾಕುವ ದ್ರಾವಣ ಹಾಕಿ, ಚುರುಕಾದವು ಮೇಲಕ್ಕೆ ಈಜಿ ಬರಲು ಒಂದು ಗಂಟೆ ಬಿಟ್ಟು, ಮೇಲಿನ ಪದರ ತೆಗೆದು ಎರಡು ಸಲ ತೊಳೆಯುತ್ತೇನೆ. ನೋಟ್‌ಬುಕ್ಕಿನ ಮೊದಲ ಕಾಲಂ ಔಷಧಿಯದ್ದಲ್ಲ, ‘ವೀರ್ಯದ ದ್ರವದಲ್ಲಿ ಎಷ್ಟು ನಿಮಿಷ’ ಎಂಬುದು. ನಿನ್ನೆಯದು 28. ಸೋಮವಾರದ್ದು 55, ಅದನ್ನು ಗೆರೆ ಎಳೆದು ಬಿಟ್ಟಿದ್ದೇನೆ.