ಕಾಲು ಕಿಲೋಗೂ ಅದೇ ರೇಟು

ದಾವಣಗೆರೆಯಲ್ಲಿ ನನ್ನದೊಂದು ರಿಯಾಯಿತಿ ದರದ ದಿನಸಿ ಅಂಗಡಿ. ಎಂ.ಆರ್.ಪಿ.ಗಿಂತ ಕಡಿಮೆಗೆ ಮಾರುತ್ತೇನೆ, ಉದ್ರಿ ಇಲ್ಲ. ಮಾರ್ಜಿನ್ ಸಣ್ಣದು, ಹಾಗಾಗಿ ಮಾಲು ಬೇಗ ಖಾಲಿಯಾಗಬೇಕು. ಅಂಗಡಿಯ ಒಂದು ಬದಿಗೆ ನೌಕರದಾರರ ಬಡಾವಣೆ, ಇನ್ನೊಂದು ಬದಿಗೆ ಹಮಾಲರು, ಮಂಡಕ್ಕಿ ಭಟ್ಟಿಗೆ ಹೋಗುವವರು, ಮನೆಗೆಲಸದ ಹೆಣ್ಣುಮಕ್ಕಳು ಇರುವ ಓಣಿಗಳು. ಎರಡೂ ಕಡೆಯವರು ಬಿಲ್ಲಿಗೆ ನಿಲ್ಲುವುದು ಒಂದೇ ಸಾಲಿನಲ್ಲಿ. ರೇಟು ಏರಿದಾಗ ಅಗ್ಗದ ಅಂಗಡಿಯಿಂದ ಹೆಚ್ಚು ಉಳಿಸಿಕೊಳ್ಳುವವರು ಬಡವರು ಅಂತ ಹೊರಗಿನವರು ತಿಳಿದಿರುತ್ತಾರೆ. ಗಲ್ಲಾದಲ್ಲಿ ಕೂತು ನೋಡಿದರೆ ಲೆಕ್ಕ ಉಲ್ಟಾ. ಉಳಿಸಬೇಕು ಅಂದರೆ ಮೊದಲು ಕೈಯಲ್ಲಿ ದುಡ್ಡಿರಬೇಕು.

ಇದು ಕಣ್ಣಿಗೆ ಹೊಡೆದಿದ್ದು 2022ರಲ್ಲಿ. ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಲೀಟರಿಗೆ 200 ರೂಪಾಯಿ ದಾಟಿತು. ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ತಾಳೆಎಣ್ಣೆ ರಫ್ತನ್ನೂ ನಿಲ್ಲಿಸಿತು. ನಮ್ಮ ಅಂಗಡಿ ಮೆಟ್ಟಿಲು ಹತ್ತದಿದ್ದ ಕಾರಿನವರು ಆಗ ಬರತೊಡಗಿದರು. ಐದು ಲೀಟರಿನ ಕ್ಯಾನು ಎರಡು, 15 ಕಿಲೋ ಟಿನ್ನು ಒಂದು ಡಿಕ್ಕಿಗೆ ಹಾಕಿಕೊಂಡು ಹೋದರು. ಮುಂದಿನ ವಾರ ರೇಟು ಇನ್ನೂ ಏರಿತು, ಅವರಿಗೆ ಅದರ ಬಿಸಿ ತಟ್ಟಲಿಲ್ಲ. ಓಣಿಯವರು ಅರ್ಧ ಲೀಟರ್ ಪೌಚು ಒಯ್ದು ಎರಡು ದಿನಕ್ಕೆ ಮತ್ತೆ ಬಂದರು, ಏರಿದ ರೇಟನ್ನು ಪ್ರತಿ ಸಲವೂ ಕೊಟ್ಟರು.

ಕೂಲಿಯವರ ಮನೆಯಲ್ಲಿ ಮಾಪು ಗ್ರಾಮಿನದಲ್ಲ, ನೋಟಿನದು. ‘ಐವತ್ತು ರೂಪಾಯಿ ಬೇಳೆ ಹಾಕಣ್ಣ’ ಅಂತಾರೆ, ಎಷ್ಟು ತೂಕ ಬಂತು ಅಂತ ಕೇಳುವುದಿಲ್ಲ. ತೊಗರಿಬೇಳೆ ಕಿಲೋಗೆ 110 ಇದ್ದಾಗ ಐವತ್ತಕ್ಕೆ ತಕ್ಕಡಿಯಲ್ಲಿ 454 ಗ್ರಾಂ ತೋರಿಸುತ್ತಿತ್ತು. 170 ಆದಾಗ ಅದೇ ನೋಟಿಗೆ 294. ಕೊಡುವ ದುಡ್ಡು ಅಷ್ಟೇ, ಸಾರು ಮಾತ್ರ ತೆಳ್ಳಗಾಯಿತು. ‘ಇಷ್ಟೇ ಬರ್ತದ್ರಿ ಅಕ್ಕ’ ಅಂತ ಚೀಲ ಕೊಡುವಾಗ, ಅವರು ಅದನ್ನು ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ ಸುಮ್ಮನೆ ಸೆರಗಿನೊಳಗೆ ಇಟ್ಟುಕೊಳ್ಳುತ್ತಾರೆ.

ಸಂಬಳದವರು ಬೇರೆ ಥರ. ಒಂದನೇ ತಾರೀಕು ಕಳೆದ ಭಾನುವಾರ ಚೀಟಿ ಹಿಡಿದು ಬರುತ್ತಾರೆ. ತೂಕ ಕಡಿಮೆ ಮಾಡುವುದಿಲ್ಲ, ಬ್ರ್ಯಾಂಡು ಬಿಡುತ್ತಾರೆ: ಪ್ಯಾಕೆಟ್ ರವೆ ಹೋಗಿ ಲೂಸ್ ರವೆ, ದುಬಾರಿ ಟೀಪುಡಿ ಹೋಗಿ ಅದರ ಕೆಳಗಿನದು. ಇವರಿಗೆ ಬಿಗಿಯಾಗುವುದು ಜೂನ್‌ನಲ್ಲಿ, ಶಾಲೆ ಫೀಸು ಕಟ್ಟಿದ ಮೇಲೆ. ಆ ತಿಂಗಳು ಐದು ಲೀಟರ್ ಕ್ಯಾನು ತಗೊಳ್ಳುತ್ತಿದ್ದ ಮನೆ ಎರಡು ಪೌಚಿಗೆ ಇಳಿಯುತ್ತದೆ. ಪೇಪರಿನಲ್ಲಿ ಹಣದುಬ್ಬರ ಎಷ್ಟು ಪರ್ಸೆಂಟ್ ಅಂತ ಬರುವ ಮೊದಲೇ ನನಗೆ ಕ್ಯಾನಿನ ರ್‍ಯಾಕ್ ಹೇಳಿಬಿಡುತ್ತದೆ.

ಇದನ್ನೆಲ್ಲ ನೋಡಿ ನಾನು ಮಾಡಿದ ಮೊದಲ ಬದಲಾವಣೆ ಲೂಸ್ ಕೌಂಟರ್. ಬೇಳೆ, ಸಕ್ಕರೆ, ರವೆ, ಅಕ್ಕಿ: ಹತ್ತು ಕಿಲೋಗೆ ಯಾವ ರೇಟೋ ಕಾಲು ಕಿಲೋಗೂ ಅದೇ. ಮೊದಲೇ ತೂಗಿ ಪೊಟ್ಟಣ ಕಟ್ಟಿಡುವುದಿಲ್ಲ. ಹಾಗೆ ಕಟ್ಟಿಟ್ಟರೆ ಅದು ಪ್ಯಾಕ್ ಮಾಡಿದ ಮಾಲಿನ ಲೆಕ್ಕಕ್ಕೆ ಬರುತ್ತದೆ, ಲೇಬಲ್ ಬೇಕಾಗುತ್ತದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 5 ಪರ್ಸೆಂಟ್ ಜಿ.ಎಸ್.ಟಿ. ಬಿತ್ತು. ಅದಾದ ಸ್ವಲ್ಪ ದಿನಕ್ಕೇ ಮಿಲ್ಲುಗಳಿಂದ 26 ಕಿಲೋ ಚೀಲ ಬರತೊಡಗಿತು, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಇಡೀ ಚೀಲ ಕೊಳ್ಳುವ ಮನೆಗೆ ತೆರಿಗೆ ತಪ್ಪಿತು, ಐದು ಕಿಲೋ ಪ್ಯಾಕ್ ಕೊಳ್ಳುವವರ ಮೇಲೆ ಬಿತ್ತು. ನಾನು ಅದೇ 26 ಕಿಲೋ ಚೀಲ ಬಿಚ್ಚಿ ಗಿರಾಕಿಯ ಎದುರಿಗೇ ತೂಗಿ ಕೊಡುತ್ತೇನೆ. ತೂಗುವುದಕ್ಕೆ ಒಬ್ಬ ಹುಡುಗ ಹೆಚ್ಚು ಬೇಕಾಯಿತು, ಅವನ ಸಂಬಳ ಆ ಕೌಂಟರಿನ ವಹಿವಾಟಿನಲ್ಲೇ ಹುಟ್ಟುತ್ತದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭಾರತ್ ಅಕ್ಕಿಯನ್ನು ಕಿಲೋಗೆ 29ರಂತೆ ಬಿಟ್ಟಾಗಲೂ ಚೀಲ 5 ಮತ್ತು 10 ಕಿಲೋದ್ದೇ. ದಿನಗೂಲಿಯವರಿಗೆ 145 ರೂಪಾಯಿ ಅಕ್ಕಿಗೊಂದಕ್ಕೇ ತೆಗೆದಿಡುವುದು ಸಣ್ಣ ಮಾತಲ್ಲ.

ಎರಡನೆಯದು ಸ್ಕೀಮು. ಡಿಸ್ಟ್ರಿಬ್ಯೂಟರ್ ಹನ್ನೆರಡಕ್ಕೆ ಒಂದು ಫ್ರೀ ಕೊಟ್ಟರೆ, ಸಾಮಾನ್ಯವಾಗಿ ಅಂಗಡಿಯವರು ಅದನ್ನು ಹಾಗೇ ಡಜನ್ ಕೊಳ್ಳುವವರಿಗೆ ತೋರಿಸುತ್ತಾರೆ. ನಾನು ಹದಿಮೂರನ್ನೂ ಒಟ್ಟಿಗೆ ಹಾಕಿ, ಬಿಡಿ ಪೀಸಿನ ರೇಟನ್ನೇ ಇಳಿಸುತ್ತೇನೆ. ಒಂದು ಸೋಪು ಕೊಂಡವರಿಗೂ ಸುಮಾರು ಏಳೂವರೆ ಪರ್ಸೆಂಟ್ ಸಿಗುತ್ತದೆ. ಡಜನ್ನಿನ ಗಿರಾಕಿ ಒಂದಿಬ್ಬರು ಮುನಿಸಿಕೊಂಡರು. ಮುನಿಸಿಕೊಳ್ಳಲಿ.

ಮೂರನೆಯದು ಅಂದುಕೊಂಡಷ್ಟು ಫಲ ಕೊಡಲಿಲ್ಲ. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಆದರೆ ನೋಡಲು ಅಷ್ಟೇ ದಪ್ಪ ಕಾಣುವ 850, 800 ಗ್ರಾಂ ಪೌಚುಗಳೂ ಬರುತ್ತವೆ. ಪೊಟ್ಟಣದ ಮೇಲೆ ಗ್ರಾಮಿಗೆ ಎಷ್ಟು ಬೆಲೆ ಅಂತ ಅಚ್ಚಾಗಿರುತ್ತದೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅದನ್ನು ಲೀಟರ್ ಲೆಕ್ಕಕ್ಕೆ ತಿರುಗಿಸಿ ರ್‍ಯಾಕಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಅಂಟಿಸಿದೆ. ಬಡಾವಣೆಯವರು ವಾರದೊಳಗೆ ಪೌಚು ಬದಲಿಸಿದರು. ಓಣಿಯವರು ಓದಿದರು, ಅವರಿಗೂ ಗೊತ್ತಾಯಿತು, ಆದರೂ ಸಣ್ಣದನ್ನೇ ಎತ್ತಿಕೊಂಡರು. ಕೈಯಲ್ಲಿರುವ ನೋಟಿಗೆ ಹೊಂದುವುದು ಅದೊಂದೇ.

ಇದು ಅವರ ಅಭ್ಯಾಸ, ಹೀಗೇ ಕೊಳ್ಳುವವರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂತು, ಆಗಸ್ಟ್ ಕೊನೆಯಿಂದ ಗೃಹಲಕ್ಷ್ಮಿಯ 2,000. ಅಕ್ಕಿ ಬದಲಿನ ಆ ದುಡ್ಡು ನಮ್ಮಲ್ಲಿ ಅಕ್ಕಿಗೆ ಬಂದಿದ್ದು ಕಡಿಮೆ, ಬೇಳೆಗೂ ಎಣ್ಣೆಗೂ ಸೋಪಿಗೂ ಬಂತು. ಗೃಹಲಕ್ಷ್ಮಿಯ ಎರಡು ಕಂತು ಒಟ್ಟಿಗೆ ಬಿದ್ದ ವಾರ, ‘ಐವತ್ತು ರೂಪಾಯಿ ಬೇಳೆ’ ಅನ್ನುತ್ತಿದ್ದ ಅದೇ ಹೆಂಗಸರು ಎರಡೆರಡು ಕಿಲೋ ತೂಗಿಸಿದರು, ಕ್ಯಾನಿನ ರೇಟು ಕೇಳಿದರು, ಪೌಚಿನ ಲೆಕ್ಕದ ಜೊತೆ ಹೋಲಿಸಿ ಚೌಕಾಸಿ ಮಾಡಿದರು. ದುಡ್ಡು ಕೂಡಿ ಬಂದ ಕೂಡಲೇ ಸಂಬಳದವರ ಹಾಗೆಯೇ ಕೊಂಡರು.

ವಾರದ ನಡುವೆ ಕೈ ಖಾಲಿಯಾದರೆ ಓಣಿಯವರು ನನ್ನಲ್ಲಿಗೆ ಬರುವುದಿಲ್ಲ. ಓಣಿ ಮೂಲೆಯ ಉದ್ರಿ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಎಂ.ಆರ್.ಪಿ.ಯಿಂದ ಒಂದು ಪೈಸೆ ಕಡಿಮೆ ಇಲ್ಲ. ಆ ಅಂಗಡಿಯವನನ್ನು ಬೈಯುವವರಿದ್ದಾರೆ, ನಾನು ಬೈಯುವುದಿಲ್ಲ. ಕೂಲಿ ಬಟವಾಡೆ ಆಗುವ ತನಕ ಕಾಯುವವನು ಅವನು, ಆ ಹೆಚ್ಚಿನ ರೇಟು ಅವನ ಬಡ್ಡಿ. ಇನ್ನೊಂದು ತಮಾಷೆ, ಆಫರ್ ಇದ್ದಾಗ ಅವನೂ ನನ್ನಲ್ಲೇ ಬಿಸ್ಕತ್ತು, ಸೋಪು ಕಟ್ಟಿಸಿಕೊಂಡು ಹೋಗುತ್ತಾನೆ. ಅಂದರೆ ನನ್ನ ರಿಯಾಯಿತಿ ಓಣಿ ಮುಟ್ಟುವ ಹೊತ್ತಿಗೆ ಅವನ ಲಾಭವಾಗಿರುತ್ತದೆ.

ಸಣ್ಣದು ಕೊಂಡವರೇ ಗೆಲ್ಲುವ ಮಾಲು ಒಂದಿದೆ: ಶಾಂಪೂ. ಎಂ.ಎಲ್. ಲೆಕ್ಕ ಹಾಕಿದರೆ ಒಂದು ರೂಪಾಯಿ ಸ್ಯಾಶೆ ಹೆಚ್ಚು ಕಡಿಮೆ ಯಾವಾಗಲೂ ಬಾಟಲಿಗಿಂತ ಅಗ್ಗ. ಓಣಿಯವರು ಇದನ್ನು ಮೊದಲಿನಿಂದ ಬಲ್ಲರು. ಬ್ಯಾಂಕಿನಲ್ಲಿರುವ ಒಬ್ಬ ಸಾಹೇಬರು ಬಿಲ್ಲಿನ ಸಾಲಿನಲ್ಲಿ ನಿಂತು ಮೊಬೈಲಿನಲ್ಲಿ ಭಾಗಿಸಿ ನೋಡಿ, ಬಾಟಲಿ ವಾಪಸ್ ಇಟ್ಟು ಒಂದು ಸರ ಸ್ಯಾಶೆ ಹರಿಸಿಕೊಂಡರು. ಉಳಿದವರು ಬಾಟಲಿಯನ್ನೇ ಒಯ್ಯುತ್ತಾರೆ, ಬಾತ್‌ರೂಮಿನಲ್ಲಿ ಸ್ಯಾಶೆ ಚೆಂದ ಕಾಣುವುದಿಲ್ಲವಂತೆ.

ಎಣ್ಣೆಗೆ ಮಾತ್ರ ಲೂಸ್ ಕೌಂಟರಿನ ದಾರಿ ಇಲ್ಲ. ಬಿಡಿ ಎಣ್ಣೆ ಮಾರುವುದಕ್ಕೆ ಕಾನೂನು ಬಿಡುವುದಿಲ್ಲ, ಕಲಬೆರಕೆಯ ಭಯದಿಂದ ಮಾಡಿದ ಆ ನಿಯಮ ಸರಿಯೇ. ಅರ್ಧ ಲೀಟರ್ ಪೌಚಿನ ರೇಟನ್ನು ಕಂಪನಿಯೇ ಹೆಚ್ಚಿಟ್ಟು ಕಳಿಸುತ್ತದೆ. ಹಾಗಾಗಿ ಬಟವಾಡೆಯ ಸಂಜೆ ಅದನ್ನು ಅಸಲು ಬೆಲೆಗೇ ಕೊಡುತ್ತೇನೆ, ಒಬ್ಬರಿಗೆ ಎರಡರಂತೆ, ಇಲ್ಲದಿದ್ದರೆ ಉದ್ರಿ ಅಂಗಡಿಯವನು ಬಾಕ್ಸ್ ಸಮೇತ ಎತ್ತುತ್ತಾನೆ. ಅಲ್ಲಿ ಬಿಟ್ಟುಕೊಟ್ಟ ಮಾರ್ಜಿನ್ ಸದ್ಯಕ್ಕೆ ಶಾಂಪೂ ಬಾಟಲಿಯಲ್ಲಿ ವಸೂಲಾಗುತ್ತಿದೆ.