ಮೊದಲು ತೊಡೆ, ಆಮೇಲೆ ಮಂಡಿ: ಎರಡೂ ಮಂಡಿ ಆಪರೇಷನ್ ಮಾಡಿಸಿಕೊಂಡ ನನ್ನ ಅನುಭವ

ಮಂಡಿ ಬದಲಿಸುವ ಮಾತು ಬಂದರೆ ಎಲ್ಲರೂ ಕೇಳುವುದು ಎರಡೇ. ಯಾವ ಡಾಕ್ಟರು, ಎಷ್ಟಾಯ್ತು? ಆಪರೇಷನ್‌ಗೆ ಮುಂಚೆ ತೊಡೆ ಗಟ್ಟಿ ಮಾಡಿಕೊಳ್ಳುವ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಎರಡೂ ಮಂಡಿ ಆಪರೇಷನ್ ಆಗಿವೆ, ಹೆಚ್ಚುಕಮ್ಮಿ ಒಂದೂವರೆ ವರ್ಷದ ಅಂತರದಲ್ಲಿ. ಎಡಗಾಲು ಎಲ್ಲರಿಗೂ ಆಗುವ ಹಾಗೆ ಆಯ್ತು. ಬಲಗಾಲು ನಾನು ಹಟ ಹಿಡಿದ ಹಾಗೆ ಆಯ್ತು. ಆಗ ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಖಾನಾವಳಿ. ಮೂವತ್ತು ವರ್ಷದಿಂದ ಜೋಳದ ರೊಟ್ಟಿ ಬಡಿಯುವ ಕೆಲಸ. ಬೆಳಿಗ್ಗೆ ಒಲೆ ಮುಂದೆ ನಿಂತರೆ ಮಧ್ಯಾಹ್ನ ಮೂರರ ಮೇಲೇ ಕೂರುವುದು. ಜೊತೆಗೆ ಸಕ್ಕರೆ ಕಾಯಿಲೆ. ಇನ್ನು ವಾಕರ್, ನೀ ಕ್ಯಾಪ್, ಎಕ್ಸ್‌ರೇ ತೋರಿಸಿ ಡಾಕ್ಟರು ಹೇಳುವ ಸವೆತದ ಕಥೆ, ಇವೆಲ್ಲ ನಿಮಗೂ ಬಾಯಿಪಾಠವೇ. ಅದನ್ನು ಬಿಡುತ್ತೇನೆ.

ಆಪರೇಷನ್‌ಗೆ ಮುಂಚೆ ಕಳೆದ ದುಡ್ಡಿನ ಲೆಕ್ಕ ಮಾತ್ರ ಹೇಳಲೇಬೇಕು. ಟಿವಿಯಲ್ಲಿ ತೋರಿಸುವ ಬೆಲ್ಟು, ಬಾಟಲಿಗೆ ಎಂಟುನೂರರ ಎಣ್ಣೆ, ಯಾರೋ ಹೇಳಿದ ನಾಟಿ ಪುಡಿ. ಆಮೇಲೆ ಮಂಡಿಯೊಳಗೆ ಕೊಡುವ ಜೆಲ್ ಇಂಜೆಕ್ಷನ್, ಒಂದಕ್ಕೆ ಹದಿನೈದು ಸಾವಿರದ ಹತ್ತಿರ. ಮೊದಲನೆಯದು ಎರಡು ಮೂರು ತಿಂಗಳು ತಡೆಯಿತು. ಎರಡನೆಯದು ಮನೆ ತಲುಪುವವರೆಗೂ ತಡೆಯಲಿಲ್ಲ. ಮೂಳೆಗೆ ಮೂಳೆ ತಿಕ್ಕುವ ಹಂತದಲ್ಲಿ ಜೆಲ್ ತಾನೇ ಏನು ಮಾಡುತ್ತೆ? ಎಲ್ಲ ಸೇರಿ ಅರವತ್ತು ಸಾವಿರ ನೀರಿಗೆ ಹಾಕಿದ ಹಾಗಾಯ್ತು.

ಒಳಗೆ ಹಾಕುವ ಕೃತಕ ಕೀಲಿನ ರೇಟಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು. ಜಾಸ್ತಿ ಜನ ಹಾಕಿಸಿಕೊಳ್ಳುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ, ಟೈಟಾನಿಯಂ ಥರದ್ದಕ್ಕೆ 76,600, ಜಿಎಸ್‌ಟಿ ಬೇರೆ. ಅದಕ್ಕೂ ಮುಂಚೆ ಒಂದೂವರೆ ಲಕ್ಷದವರೆಗೂ ತೆಗೆದುಕೊಳ್ಳುತ್ತಿದ್ದರು. ಆದರೆ ಮಿತಿ ಹಾಕಿದ್ದು ಕೀಲಿಗೆ ಮಾತ್ರ. ರೂಮು, ಥಿಯೇಟರು, ಡಾಕ್ಟರ್ ಫೀಸು, ಔಷಧಿ ಎಲ್ಲ ಬೇರೆ. ಎಡಗಾಲಿಗೆ ಎರಡು ಲಕ್ಷ ದಾಟಿತು, ಬಲಗಾಲಿಗೆ ಅದಕ್ಕಿಂತ ಸ್ವಲ್ಪ ಕಮ್ಮಿ. ಬಿಲ್ ಕಟ್ಟುವಾಗ ಏನು ಕೇಳಿದರೆ ಹತ್ತು ಸಾವಿರ ಇಳಿಯುತ್ತೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳಲು ಶುರು ಮಾಡಿದರೆ ಅದೂ ನಿಂತುಹೋಗುತ್ತೆ. ಬೆಂಗಳೂರಿನಲ್ಲಿ ರೋಬೋದಲ್ಲಿ ಮಾಡಿಸು ಅಂತ ಮೈದುನ ಹೇಳಿದ, ನಾಲ್ಕು ಲಕ್ಷದ ಮಾತು. ರೋಬೋ ಮೂಳೆ ಅಳತೆ ಸರಿಯಾಗಿ ಹಿಡಿಯಬಹುದು. ಮನೆಗೆ ಬಂದಮೇಲೆ ಕಾಲು ಎತ್ತುವುದು ನಾನೇ ಅಲ್ವಾ?

ಎಡಗಾಲಿನ ಕಥೆ ಬೇಗ ಮುಗಿಸುತ್ತೇನೆ. ಆಪರೇಷನ್ ಚೆನ್ನಾಗೇ ಆಯ್ತು, ಮರುದಿನವೇ ವಾಕರ್ ಹಿಡಿದು ನಿಲ್ಲಿಸಿದರು. ಆಸ್ಪತ್ರೆಯ ಹೆಸರು ಬೇಡ, ವ್ಯಾಯಾಮ ತೋರಿಸಿದ್ದು ಎರಡೇ ಸಲ, ಕೈಗೊಂದು ಹಾಳೆ ಕೊಟ್ಟು ಕಳಿಸಿದರು. ಮನೆಗೆ ಬಂದರೆ ನೋಡಲು ಬಂದವರೆಲ್ಲ ಮಂಡಿ ಕೆಳಗೆ ದಿಂಬು ಇಡುವವರೇ. ಇಟ್ಟರೆ ಹಾಯಾಗಿರುತ್ತೆ, ನಿಜ. ಆದರೆ ಕಾಲು ಬಾಗಿದಂತೆಯೇ ಹಿಡಿದುಕೊಳ್ಳುತ್ತೆ. ಮಡಚುವ ಮಷಿನ್ ಬಾಡಿಗೆಗೆ ತಂದೆವು, ದಿನಕ್ಕೆ ನಾನೂರೋ ಐನೂರೋ. ಅದು ತಾನಾಗಿ ಕಾಲು ಆಡಿಸುತ್ತೆ, ನಾನು ಸುಮ್ನೆ ಮಲಗಿರುತ್ತಿದ್ದೆ. ಬಾಡಿಗೆ ಓಡಿದ್ದಷ್ಟೇ ಬಂತು. ತಿಂಗಳು ಕಳೆದರೂ ಎಪ್ಪತ್ತು ಡಿಗ್ರಿ ಮೇಲೆ ಮಡಚಲಿಲ್ಲ. 90 ದಾಟದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸಬೇಕಾಗುತ್ತೆ ಅಂದರು ಡಾಕ್ಟರು. ಹೇಗೋ ಹಲ್ಲು ಕಚ್ಚಿ ದಾಟಿಸಿದೆ. ಪೂರ್ತಿ ನೇರ ಮಾತ್ರ ಆಗಲೇ ಇಲ್ಲ, ಅಷ್ಟು ಖರ್ಚಾದಮೇಲೂ ಕುಂಟು ಉಳಿಯಿತು.

ಬಲಗಾಲಿಗೆ ಗುರು ಸಿಕ್ಕಿದ್ದು ನಮ್ಮ ಖಾನಾವಳಿಯಲ್ಲೇ. ಊಟಕ್ಕೆ ಬರುತ್ತಿದ್ದ ಫಿಸಿಯೋಥೆರಪಿ ಕೊನೇ ವರ್ಷದ ಹುಡುಗ. ನಾನು ಕುಂಟುವುದನ್ನು ನೋಡಿ, “ಅಮ್ಮಾ, ನಿಮ್ಮ ತೊಡೆಯಲ್ಲಿ ಜೀವವೇ ಇಲ್ಲ. ಆಪರೇಷನ್ ಆದಮೇಲೆ ಇನ್ನೂ ಕರಗುತ್ತೆ. ಮೊದಲೇ ಬೆಳೆಸಿಕೊಂಡು ಹೋಗಿ” ಅಂದ. ಫೀಸೆಷ್ಟಪ್ಪಾ ಅಂದರೆ, “ದುಡ್ಡು ಬೇಡಮ್ಮಾ, ಶೇಂಗಾ ಚಟ್ನಿ ಜಾಸ್ತಿ ಹಾಕಿ ಸಾಕು” ಅಂದ. ಡಾಕ್ಟರನ್ನು ಕೇಳಿದೆ. ನೋವು ಏರದಷ್ಟು ಮಾಡಿ ಅಂತ ಒಪ್ಪಿದರು. ಮನೆಯವರು ಒಪ್ಪಲಿಲ್ಲ. ಸವೆದ ಮಂಡಿಗೆ ವ್ಯಾಯಾಮ ಮಾಡಿದರೆ ಇನ್ನೂ ಸವೆಯುತ್ತೆ, ಹೇಗೂ ಕತ್ತರಿಸಿ ತೆಗೆಯುವುದಕ್ಕೆ ಯಾಕಿಷ್ಟು ಸೇವೆ ಅಂತ ಮೈದುನನ ನಗೆಚಾಟಿಕೆ ಬೇರೆ.

ಎರಡು ತಿಂಗಳ ಹತ್ತಿರ ಮಾಡಿದೆ. ಮಲಗಿ ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಬೇಕು. ಸರಿಯಾಗಿ ಒತ್ತಿದರೆ ಮಂಡಿಚಿಪ್ಪು ತೊಡೆ ಕಡೆಗೆ ಸರಿಯುತ್ತೆ, ಚಿಪ್ಪಿನ ಮೇಲೆ ಒಳಬದಿಯ ಮಾಂಸ ಗಟ್ಟಿಯಾಗಿ ಕೈಗೆ ಸಿಗುತ್ತೆ. ಅಲ್ಲಿ ಬೆರಳಿಟ್ಟುಕೊಂಡೇ ಮಾಡಿ. ಬೆರಳಿಗೆ ಸಿಗದಿದ್ದರೆ ಕಾಲು ಮೋಸ ಮಾಡುತ್ತಿದೆ ಅಂತ ಅರ್ಥ. ಅದು ಪಳಗಿದ ಮೇಲೆ ಕಾಲು ನೇರ ಇಟ್ಟು ಎತ್ತುವುದು. ಅಂಗಡಿಯ ವೇಯ್ಟ್ ಕಫ್ ಯಾಕೆ ಅಂತ ಹಳೇ ಪಂಚೆ ತುಂಡಲ್ಲಿ ಉದ್ದನೆಯ ಚೀಲ ಹೊಲಿದೆ. ಜೋಳ ತುಂಬಿ ಪಾದದ ಮೇಲ್ಗಡೆ ಕಟ್ಟಿಕೊಂಡೆ. ಮೊದಲು ಅರ್ಧ ಸೇರು, ಆಮೇಲೆ ಒಂದು, ಕೊನೆಕೊನೆಗೆ ಒಂದೂವರೆ. ಹಿಟ್ಟು ತುಂಬಿದರೆ ಒಂದೇ ಕಡೆ ಜಮೆಯಾಗುತ್ತೆ, ಕಾಳೇ ಸರಿ. ಕೈಗೂ ವ್ಯಾಯಾಮ ಬೇಕು, ವಾಕರ್ ಹಿಡಿಯುವುದು ಕೈ ತಾನೆ. ಅದು ರೊಟ್ಟಿ ಬಡಿದು ನನಗೆ ಮೊದಲೇ ಬಂದಿತ್ತು.

ಜೊತೆಗೆ ಸಕ್ಕರೆ. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ (ಎಚ್‌ಬಿಎ1ಸಿ) ಒಂಬತ್ತರ ಮೇಲಿತ್ತು. ಏಳೂವರೆಗೆ ಇಳಿಯದೆ ಡೇಟ್ ಕೊಡುವುದಿಲ್ಲ ಅಂದರು, ಸಕ್ಕರೆ ಜಾಸ್ತಿ ಇದ್ದರೆ ಗಾಯಕ್ಕೆ ಸೋಂಕು ತಗುಲುವ ಭಯ. ನಾನೊಂದು ಹುಳುಕು ಹಲ್ಲನ್ನೂ ಮೊದಲೇ ಕೀಳಿಸಿದೆ, ಅದೂ ಅದೇ ಕಾರಣಕ್ಕೆ. ಐದಾರು ಕೆಜಿ ತೂಕವೂ ಇಳಿಯಿತು. ಒಂದು ಕೆಜಿ ಇಳಿದರೆ ಹೆಜ್ಜೆ ಇಟ್ಟಾಗ ಮಂಡಿ ಮೇಲೆ ನಾಲ್ಕು ಕೆಜಿ ಭಾರ ಕಮ್ಮಿ ಅಂತೆ. ಬೆಣ್ಣೆದೋಸೆ ಊರಲ್ಲಿ ಇದ್ದುಕೊಂಡು ಇಳಿಸಿದ್ದೇನೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆಪರೇಷನ್ ಆದಮೇಲೆ ಹಟ ಒಂದೇ, ಮೊದಲು ಕಾಲು ನೇರ ಆಗಬೇಕು. ಎಲ್ಲರೂ ಎಷ್ಟು ಮಡಚುತ್ತೆ ಅಂತ ಕೇಳುತ್ತಾರೆ. ಮಡಚುವುದು ತಡವಾಗಿಯಾದರೂ ಬರುತ್ತೆ, ನೇರ ತಪ್ಪಿದರೆ ಜೀವನಪೂರ್ತಿ ಕುಂಟು. ದಿಂಬು ಬಂದ್. ಟವೆಲ್ ಸುರುಳಿ ಹಿಮ್ಮಡಿ ಕೆಳಗೆ, ಮಂಡಿ ಗಾಳಿಯಲ್ಲಿ, ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಆಮೇಲೆ ಟವೆಲ್ ತೆಗೆದು ಮಂಡಿ ಹಿಂದಿನ ಸಂದು ನೋಡುವುದು. ಶುರುವಿನಲ್ಲಿ ಅಂಗೈ ಸಲೀಸಾಗಿ ತೂರುತ್ತಿತ್ತು. ಮೂರನೇ ವಾರದ ಹೊತ್ತಿಗೆ ಬೆರಳು ಮಾತ್ರ. ಎರಡು ತಿಂಗಳಿಗೆ ಖಡಕ್ ರೊಟ್ಟಿ ಕೂಡ ತೂರಲಿಲ್ಲ. ನಿಜಕ್ಕೂ ರೊಟ್ಟಿ ಇಟ್ಟೇ ನೋಡಿದೆ, ಮುರಿಯಿತು!

ನೋವು ಮೊದಲ ದಿನಕ್ಕಿಂತ ಮೂರನೇ ದಿನ ಜಾಸ್ತಿ. ಮರಗಟ್ಟಿಸಿದ ಔಷಧಿ ಇಳಿದಿರುತ್ತೆ, ಹೆದರಬೇಡಿ. ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ, ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ನುಂಗಿ. ಅದರಿಂದ ಹೊಟ್ಟೆ ಕಟ್ಟಿಕೊಳ್ಳುತ್ತೆ. ಅದಕ್ಕೆ ನಾನು ಮಾಡಿಕೊಂಡ ಗಂಜಿ ಖಾನಾವಳಿ ಗುಟ್ಟು, ಬಂದವರಿಗೆ ಬಡಿಸುತ್ತೇನೆ, ಬರೆದು ಕೊಡುವುದಿಲ್ಲ. ರಾತ್ರಿ ನಿದ್ದೆ ಒಂದೂವರೆ ತಿಂಗಳು ಇರುವುದಿಲ್ಲ, ಇದನ್ನು ಯಾವ ಡಾಕ್ಟರೂ ಮೊದಲೇ ಹೇಳುವುದಿಲ್ಲ. ಗಾಯದ ಹೊರಬದಿ ಅಂಗೈಯಗಲ ಜೋಮು ಹಿಡಿದಂತೆ ಉಳಿಯುತ್ತೆ. ಮಂಡಿ ಮುಟ್ಟಿದರೆ ತಿಂಗಳುಗಟ್ಟಲೆ ಬಿಸಿ. ನಡೆಯುವಾಗ ಟಕ್ ಟಕ್ ಸದ್ದು. ಇಷ್ಟೂ ಮಾಮೂಲಿ.

ಮಾಮೂಲಿ ಅಲ್ಲದ್ದು ಬೇರೆ. ಮೀನಖಂಡ ಊದಿ ನೋಯುವುದು, ಏದುಸಿರು, ಜ್ವರ, ಗಾಯದಿಂದ ನೀರು ಜಿನುಗುವುದು. ತಕ್ಷಣ ಆಸ್ಪತ್ರೆಗೆ ಓಡಿ. ಎಣ್ಣೆ ಹಚ್ಚಿ ನೀವಿ ಕೊಡುತ್ತೇನೆ ಅಂತ ನನ್ನ ದೊಡ್ಡಮ್ಮನ ಮಗಳು ಹರಿಹರದಿಂದ ಬಂದು ಕೂತಿದ್ದಳು. ಮುಟ್ಟಲು ಬಿಡಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ನೀವುವುದೇ ಅಪಾಯ. ರಕ್ತ ತೆಳು ಮಾಡುವ ಮಾತ್ರೆ ಸಾಕು ಅಂತ ನೀವೇ ನಿಲ್ಲಿಸಬೇಡಿ.

ಐಸ್ ವಿಷಯದಲ್ಲಿ ಸ್ವಲ್ಪ ಆಟವಾಡಿದೆ. ಅಂಗಡಿಯ ಪ್ಯಾಕು ಕಲ್ಲಿನ ಹಾಗೆ, ಮಂಡಿಗೆ ಒಗ್ಗುವುದಿಲ್ಲ. ನೆನೆಸಿದ ಕಡಲೆಕಾಳು ಕವರಿಗೆ ಹಾಕಿ ಫ್ರೀಜರಿನಲ್ಲಿಟ್ಟೆ. ಮಂಡಿ ಸುತ್ತ ಎಷ್ಟು ಚೆನ್ನಾಗಿ ಕೂರುತ್ತೆ ಅಂತೀರಿ! ನಾಕು ಸಲ ಕರಗಿಸುವಷ್ಟರಲ್ಲಿ ಮನೆಯೆಲ್ಲ ವಾಸನೆ. ಕೊನೆಗೆ ಐಸ್‌ಕ್ಯಾಂಡಿ ಕವರಿಗೆ ಉಪ್ಪು ನೀರು ತುಂಬಿದೆ. ಉಪ್ಪಿದ್ದರೆ ಪೂರ್ತಿ ಗಟ್ಟಿಯಾಗದೆ ತರಿತರಿಯಾಗಿರುತ್ತೆ. ಬರೀ ನೀರಿನ ಐಸಿಗಿಂತ ತಂಪು ಜಾಸ್ತಿ, ಅದಕ್ಕೆ ದಪ್ಪ ಬಟ್ಟೆ ಮೇಲೇ ಇಡಿ, ಕಾಲು ಗಂಟೆಗೆ ತೆಗೆಯಿರಿ.

ಕೀಲು ಹತ್ತೇ ವರ್ಷ ಬಾಳುತ್ತಂತೆ ಅಂತ ಮಗಳು ಹೆದರಿಸಿದ್ದಳು. 2019ರಲ್ಲಿ ಹಲವು ದೇಶಗಳ ದಾಖಲೆ ಸೇರಿಸಿ ನೋಡಿದಾಗ ನೂರಕ್ಕೆ 82ರಷ್ಟು ಮಂಡಿಗಳು 25 ವರ್ಷ ಬಾಳಿದ್ದವು ಅಂತ ಆ ಹುಡುಗನೇ ಫೋನಿನಲ್ಲಿ ತೋರಿಸಿದ. ನನಗೀಗ ಅರವತ್ತನಾಲ್ಕು. ಸಾಕು ಬಿಡಿ.

ಬಲಗಾಲು ಈಗ ನೂರಿಪ್ಪತ್ತು ಡಿಗ್ರಿ ಹತ್ತಿರ ಮಡಚುತ್ತೆ. ಎಡಗಾಲು ನೂರಕ್ಕೆ ನಿಂತಿದೆ. ಆರನೇ ವಾರ ಕೋಲು ಬಿಟ್ಟೆ, ಮೂರು ತಿಂಗಳಿಗೆ ಒಲೆ ಮುಂದೆ ನಿಂತೆ. ಅದಕ್ಕೂ ಮುಂಚೆ ಎತ್ತರದ ಸ್ಟೂಲ್ ಮೇಲೆ ಕೂತು ಬಡಿದು ನೋಡಿದೆ, ಕೈಗೆ ಭಾರ ಸಿಗದೆ ರೊಟ್ಟಿ ದಪ್ಪವಾಗಿ ಗಿರಾಕಿಗಳು ಮುಖ ಗಂಟು ಹಾಕಿದರು. ಸಂಜೆ ಕುಂದವಾಡ ಕೆರೆ ಏರಿ ಮೇಲೆ ನಡೆಯುತ್ತೇನೆ. ಮೈದುನನೂ ಬರುತ್ತಾನೆ, ಅವನ ಮಂಡಿಗೂ ಶುರುವಾಗಿದೆ. ಜೋಳದ ಚೀಲ ಈಗ ಅವನ ಕಾಲಲ್ಲಿದೆ. ನೆಲದ ಮೇಲೆ ಕೂರುವುದನ್ನು ಬಿಟ್ಟಿದ್ದೇನೆ, ಮನೆಯಲ್ಲಿ ಕಮೋಡ್ ಹಾಕಿಸಿದ್ದೇನೆ, ಮದುವೆಮನೆಯಲ್ಲಿ ನೆಲದ ಪಂಕ್ತಿ ಇದ್ದರೆ ಕುರ್ಚಿ ಕೇಳಿ ಹಾಕಿಸಿಕೊಳ್ಳುತ್ತೇನೆ.

ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಈಗಲೂ ಎಡಗಾಲಿಗೆ ಎತ್ತರವೇ. ಅದಕ್ಕೆ ಹಿತ್ತಲಲ್ಲಿ ಗೋಡೆ ಪಕ್ಕ ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು, ಗೋಡೆ ಹಿಡಿದು ಹತ್ತಿಳಿಯುತ್ತಿದ್ದೇನೆ. ಎರಡು ಇಟ್ಟಿಗೆವರೆಗೆ ಬಂದಿದೆ. ಮೂರನೆಯದು ಇಡಬಹುದಾ ಅಂತ ಆ ಹುಡುಗ ಊಟಕ್ಕೆ ಬಂದಾಗ ಕೇಳಬೇಕು.