ರೈಸ್ ಬಾಲ್ ಬದಿಗಿಟ್ಟು ಡ್ರಾಪ್ ಹಿಡಿದದ್ದು

2021ರ ಜುಲೈಯಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಫೈನಲ್ ನಡೆದಾಗ ನಮ್ಮ ಶಾಲೆಗಳು ಇನ್ನೂ ತೆರೆದಿರಲಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಜಗಲಿಯ ಒಂದೇ ಮೂಲೆಯಲ್ಲಿ. ಅಲ್ಲಿ ಕುಳಿತು, ಜಪಾನ್ ತಂಡ ಅಮೆರಿಕವನ್ನು 2–0ರಿಂದ ಸೋಲಿಸಿದ ಪಂದ್ಯದ ತುಣುಕುಗಳನ್ನು ನೋಡಿದೆ. ಜಪಾನಿಗೆ ಚೆಂಡು ಎಸೆದ ಪಿಚರ್ ಯುಕಿಕೊ ಉಎನೊ ಅವರಿಗೆ ಆಗ 39 ವರ್ಷ. 2008ರ ಬೀಜಿಂಗ್‌ನಲ್ಲಿ ಎರಡೇ ದಿನಗಳಲ್ಲಿ ಮೂರು ಪಂದ್ಯಗಳಿಗೆ 413 ಎಸೆತ ಎಸೆದವರು ಇವರೇ ಎಂದು ತಿಳಿದ ಮೇಲೆ ಬೇರೆ ಯಾವುದೂ ತಲೆಗೆ ಹೋಗಲಿಲ್ಲ. ಬ್ಯಾಟನ್ನು ದಾಟಿ ಮೇಲೆ ಹೋದಂತೆ ಕಾಣುವ ರೈಸ್ ಬಾಲನ್ನೇ ಕಲಿಯಬೇಕೆಂದು ಹಠ ಹಿಡಿದೆ. ಆಗ ನಾನು ಒಂಬತ್ತನೆಯ ತರಗತಿ.

ಆ ಹಠಕ್ಕೆ ಒಂದು ವರ್ಷ ಹೋಯಿತು.

ನನ್ನ ಅಭ್ಯಾಸವೆಲ್ಲ ಮನೆಯ ಅಂಗಳದಲ್ಲಿ. ಹೆಂಗಸರ ಆಟದಲ್ಲಿ ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಮುಂದಿರುವ ಹೋಮ್ ಪ್ಲೇಟಿಗೆ 43 ಅಡಿ, ಎಂದರೆ 13.11 ಮೀಟರ್. ಅಪ್ಪ ಟೇಪು ಹಿಡಿದು ಅಳೆದಾಗ ಜಗಲಿಯ ಮೆಟ್ಟಿಲಿನಿಂದ ಬಚ್ಚಲು ಕೊಟ್ಟಿಗೆಯ ಗೋಡೆಗೆ ಅಷ್ಟೇ ಇತ್ತು. ಗೋಡೆಯ ಮುಂದೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಎರಡು ಅಡಿಕೆ ಹಾಳೆ ಕಟ್ಟಿದೆವು. ನಡುವಿನ ಅಂತರ ಪ್ಲೇಟಿನ ಅಗಲದಷ್ಟು, 17 ಇಂಚು. ಚೆಂಡು ತಾಗಿದರೆ ಒಣ ಹಾಳೆ ಪಟಾರೆಂದು ಸದ್ದು ಮಾಡುತ್ತದೆ, ಒಳಗೆ ಅಡುಗೆ ಮಾಡುತ್ತಿದ್ದ ಅಮ್ಮನಿಗೂ ಲೆಕ್ಕ ಸಿಗುತ್ತಿತ್ತು. ಅಡಿಕೆ ಒಣಗಿಸುವ ತಿಂಗಳುಗಳಲ್ಲಿ ಅಂಗಳ ತುಂಬ ಅಡಿಕೆ. ಆಗಲೂ ಅಪ್ಪ ನನಗಾಗಿ ಎರಡು ಕೋಲು ಅಗಲದ ಓಣಿಯನ್ನು ಖಾಲಿ ಬಿಡುತ್ತಿದ್ದರು.

ಶಾಲೆ ತೆರೆದ ಮೇಲೆ ನಮ್ಮ ಪಿ.ಟಿ. ಮಾಷ್ಟ್ರು ನನ್ನ ರೈಸ್ ಬಾಲ್ ನೋಡಿದರು. ಏನೂ ಹೇಳಲಿಲ್ಲ. ಹಳೆಯ ಚೆಂಡೊಂದರ ಸುತ್ತ ಕಪ್ಪು ಟೇಪಿನ ಪಟ್ಟಿ ಸುತ್ತಿ, "ಈಗ ಎಸೆ, ಚೆಂಡನ್ನು ನೋಡಬೇಡ, ಪಟ್ಟಿಯನ್ನು ನೋಡು" ಎಂದರು. ರೈಸ್ ಬಾಲ್ ಆಗಬೇಕಾದರೆ ಚೆಂಡು ಪಿಚರ್ ಕಡೆಗೆ, ಹಿಮ್ಮುಖವಾಗಿ ಉರುಳುತ್ತ ಹೋಗಬೇಕು. ಹಾಗೆ ತಿರುಗಿದರೂ ಅದು ನಿಜಕ್ಕೂ ಮೇಲೇರುವುದಿಲ್ಲ. ಬೀಳಬೇಕಾದಷ್ಟು ಬೀಳುವುದಿಲ್ಲ, ಅಷ್ಟೇ. ಬ್ಯಾಟರಿನ ಕಣ್ಣಿಗೆ ಅದು ಏರಿದಂತೆ ಕಾಣುತ್ತದೆ. ನನ್ನ ಚೆಂಡಿನ ಪಟ್ಟಿಯೋ, ಬೈರಿಗೆ ಕೊರೆದಂತೆ ಸುತ್ತುತ್ತ ಮುಂದೆ ಹೋಗುತ್ತಿತ್ತು. ಅಂಥ ಸುತ್ತು ಚೆಂಡನ್ನು ಎತ್ತಿ ಹಿಡಿಯುವುದೂ ಇಲ್ಲ, ಕೆಳಕ್ಕೆ ತಳ್ಳುವುದೂ ಇಲ್ಲ. ಎದೆಯ ಎತ್ತರದಲ್ಲಿ ನೇರ ಬಂದ ಅದನ್ನು ಬ್ಯಾಟರುಗಳು ಆ ವರ್ಷವಿಡೀ ಮನಸಾರೆ ಹೊಡೆದಿದ್ದರು. ಕಾರಣ ನನಗೆ ಅಂದು ತಿಳಿಯಿತು.

ಮರುದಿನದಿಂದ ಬರೀ ಫಾಸ್ಟ್ ಬಾಲ್. ಹತ್ತರಲ್ಲಿ ಏಳು ಎಸೆತ ಹೇಳಿದ ಹಾಳೆಗೇ ತಾಗುವವರೆಗೆ ಬೇರೆ ಯಾವುದನ್ನೂ ಮುಟ್ಟುವುದಿಲ್ಲ ಎಂದು ನಾನೇ ನಿಯಮ ಹಾಕಿಕೊಂಡೆ. ನಾಲ್ಕು ತಿಂಗಳು ಹಿಡಿಯಿತು.

ಎರಡನೆಯದಾಗಿ ಚೇಂಜ್‌ಅಪ್ ಆರಿಸಿಕೊಂಡೆ. ಅದಕ್ಕೆ ಹೊಸ ಬಲ ಬೇಡ. ಕೈ ಅದೇ ವೇಗದಲ್ಲಿ ಸುತ್ತಬೇಕು, ಚೆಂಡು ಮಾತ್ರ ತಡವಾಗಿ ತಲುಪಬೇಕು. ಚೆಂಡು ಬಿಡುವಾಗ ಅಂಗೈಯ ಬದಲು ಹಿಂಗೈ, ಪ್ಲೇಟಿನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಕಡೆಗೆ ಮುಂದಾಗುವ ವಿಧಾನವನ್ನು ಕಲಿತೆ. ಮಾಷ್ಟ್ರು ಬ್ಯಾಟರ್ ಜಾಗದಲ್ಲಿ ನಿಂತು, ನಾನು ಚೆಂಡು ಬಿಡುವ ಮೊದಲೇ "ನಿಧಾನ!" ಎಂದು ಕೂಗುತ್ತಿದ್ದರು. ಮೊದಲ ವಾರ ಪ್ರತಿ ಬಾರಿಯೂ ಅವರೇ ಸರಿ. ಹೇಗೆ ಗೊತ್ತಾಗುತ್ತದೆ ಮಾಷ್ಟ್ರೇ ಎಂದರೆ, "ನಿಧಾನ ಎಸೆಯುವಾಗ ನೀನು ತುಟಿ ಕಚ್ಚುತ್ತೀ" ಎಂದರು. ತುಟಿಯನ್ನು ತಿದ್ದಲು ತೋಳಿಗಿಂತ ಹೆಚ್ಚು ದಿನ ಬೇಕಾಯಿತು. ವೇಗ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಸೆಕೆಂಡಿಗೆ 30 ಚಿತ್ರ ತೆಗೆಯುವ ಮೊಬೈಲ್ ವಿಡಿಯೊದಲ್ಲಿ ಒಂದೊಂದೇ ಚಿತ್ರ ಸರಿಸಿ ಎಣಿಸಿದೆ: ಫಾಸ್ಟ್ ಬಾಲ್ ಕೈಬಿಟ್ಟು ಹಾಳೆ ತಲುಪಲು 16 ಚಿತ್ರ, ಚೇಂಜ್‌ಅಪ್‌ಗೆ 21. ಆ ಐದು ಚಿತ್ರಗಳಷ್ಟು ಹೊತ್ತಿನಲ್ಲಿ ಬ್ಯಾಟರ್ ಬ್ಯಾಟು ಬೀಸಿ ಮುಗಿಸಿರುತ್ತಾಳೆ.

ಮೂರನೆಯದಕ್ಕೆ ಡ್ರಾಪ್, ಬ್ಯಾಟರ್ ಹತ್ತಿರ ಬಂದಾಗ ಕೆಳಕ್ಕೆ ಬೀಳುವ ಎಸೆತ. ಬೆರಳುಗಳನ್ನು ಚೆಂಡಿನ ಹಿಂದಿನಿಂದ ನೇರ ಮೇಲಕ್ಕೆ ಎಳೆದು ಬಿಡುವ ಬಗೆಯದು. ಮಣಿಕಟ್ಟನ್ನು ಮಗುಚಿ ಎಸೆಯುವ ಇನ್ನೊಂದು ಡ್ರಾಪ್ ಇದೆ. ಎರಡು ದಿನ ಪ್ರಯತ್ನಿಸಿದಾಗ ಮೊಣಕೈ ನೋವು ಬಂದುದರಿಂದ ಅದನ್ನು ಅಲ್ಲೇ ಬಿಟ್ಟೆ. ಮೊದಲನೆಯದು ನನ್ನ ಫಾಸ್ಟ್ ಬಾಲಿನದೇ ತಂಗಿ. ಹೆಜ್ಜೆ ತುಸು ಗಿಡ್ಡ, ಭಾರ ಮುಂದಕ್ಕೆ. ಟೇಪಿನ ಪಟ್ಟಿ ಮೂರನೆಯ ದಿನವೇ ಗಾಲಿಯಂತೆ ಮುಂದಕ್ಕೆ ಉರುಳತೊಡಗಿತು. ನನ್ನ ಕೈಗೆ ಒಗ್ಗಿದ್ದು ಇದು ಎಂದು ಆಗಲೇ ಅನಿಸಿತು.

ಆದರೆ ಕ್ಯಾಚರಿಗೆ ಒಗ್ಗಿದೆಯೇ ಎಂದು ಕೇಳುವುದನ್ನು ಮರೆತಿದ್ದೆ. ಜಿಲ್ಲಾ ಮಟ್ಟದ ಪಂದ್ಯ, ಕೊನೆಯದಾದ ಏಳನೆಯ ಇನ್ನಿಂಗ್ಸ್, ಸಮಬಲ, ಎರಡು ಔಟ್, ಮೂರನೆಯ ಬೇಸಿನಲ್ಲಿ ಎದುರಾಳಿಯ ಓಟಗಾರ್ತಿ, ಬ್ಯಾಟರಿನ ಮೇಲೆ ಎರಡು ಸ್ಟ್ರೈಕ್; ಮೂರನೆಯದು ಬಿದ್ದರೆ ಸಾಮಾನ್ಯವಾಗಿ ಅವಳೂ ಔಟ್. ಡ್ರಾಪ್ ಎಸೆದೆ. ಬ್ಯಾಟು ಗಾಳಿಯಲ್ಲೇ ಬೀಸಿತು. ಚೆಂಡು ಪ್ಲೇಟಿನ ಮುಂದೆ ನೆಲಕ್ಕೆ ಬಿದ್ದು, ಕ್ಯಾಚರ್ ಅಕ್ಕನ ಕಾಲ ಸಂದಿಯಿಂದ ಹಿಂದಿನ ಬಲೆಗೆ ಹೋಯಿತು. ಕ್ಯಾಚರ್ ಹಿಡಿಯದ ಮೂರನೆಯ ಸ್ಟ್ರೈಕಿಗೆ ಬ್ಯಾಟರ್ ಓಡಬಹುದು. ಅವಳು ಮೊದಲ ಬೇಸ್ ಮುಟ್ಟಿದಳು, ಮೂರನೆಯ ಬೇಸಿನವಳು ಹೋಮ್ ಪ್ಲೇಟ್ ಸೇರಿ ಓಟ ಗಳಿಸಿದಳು. ನಾನು ಎಸೆದ ಅತ್ಯುತ್ತಮ ಡ್ರಾಪಿಗೆ ನಾವು ಸೋತೆವು. ಅಕ್ಕ ಬಸ್ಸಿನಲ್ಲಿ ಅತ್ತಳು. ತಪ್ಪು ಅವಳದ್ದಲ್ಲ. ಅವಳಿಗೆ ಅಭ್ಯಾಸವಿಲ್ಲದ ಎಸೆತವನ್ನು ಅಂಥ ಹೊತ್ತಿನಲ್ಲಿ ಎಸೆದವಳು ನಾನು.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಅವಳು ನಮ್ಮ ಮನೆಗೆ ಬರುತ್ತಿದ್ದಳು. ಕೈಗವಸು ಬದಿಗಿಟ್ಟು, ಎದೆಗವಚ ತೊಟ್ಟು, ಮಂಡಿಯೂರಿ, ನೆಲಕ್ಕೆ ಬಿದ್ದ ಚೆಂಡನ್ನು ಮೈಯಿಂದ ತಡೆಯುವುದೊಂದೇ ಕೆಲಸ. ದಿನಕ್ಕೆ ಐವತ್ತು. ಚೆಂಡು ಎದೆಗೆ ತಾಗಿ ಅವಳ ಮುಂದೆಯೇ ಬಿದ್ದರೆ ಲೆಕ್ಕಕ್ಕೆ. ಪಂದ್ಯಗಳಲ್ಲಿ ಯಾವುದನ್ನು ಎಸೆಯಬೇಕೆಂದು ತುಳುವಿನಲ್ಲೇ ಕೂಗಿ ಹೇಳುತ್ತಿದ್ದಳು; ಕೇರಳದ ತೆಂಕಣ ಜಿಲ್ಲೆಗಳ ಹುಡುಗಿಯರಿಗೆ ತುಳು ಬಾರದು.

ಕರ್ವ್, ಸ್ಕ್ರೂ ಎರಡಕ್ಕೂ ನಾನು ಹೋಗಲಿಲ್ಲ. ಅಡ್ಡಕ್ಕೆ ಸರಿಯುವ ಚೆಂಡು ಬ್ಯಾಟಿನ ಉದ್ದಕ್ಕೂ ಎಲ್ಲಾದರೂ ಸಿಕ್ಕಿಬಿಡುತ್ತದೆ, ಕೆಳಕ್ಕೆ ಬೀಳುವುದು ತಪ್ಪಿಸಿಕೊಳ್ಳುತ್ತದೆ ಎಂಬುದು ನನ್ನ ಲೆಕ್ಕ. ಬೇರೆಯವರ ಕೈ ಬೇರೆ ಹೇಳಬಹುದು. ಈಗ ಶಾಲೆಯ ತಂಗಿಯರು "ಅಕ್ಕ, ಮೊದಲು ಯಾವುದು ಕಲಿಯಲಿ?" ಎಂದು ಕೇಳಿದರೆ, ಟೇಪು ಸುತ್ತಿದ ಚೆಂಡನ್ನು ಕೈಗೆ ಕೊಟ್ಟು, ನಿನ್ನ ಕ್ಯಾಚರನ್ನೂ ಕರೆದುಕೊಂಡು ಬಾ ಎನ್ನುತ್ತೇನೆ.

ಡಿಗ್ರಿಗೆ ಸೇರಿದ ಮೇಲೆ ನನ್ನ ಚೆಂಡಿನ ವೇಗ ಹೆಚ್ಚಿದೆ. ಅದೇ ವಿಡಿಯೊ ಲೆಕ್ಕದಲ್ಲಿ 16 ಈಗ 14 ಆಗಿದೆ. ಹಾಗಾಗಿ ಈ ಮಳೆಗಾಲ ಕಳೆದ ಮೇಲೆ ರೈಸ್ ಬಾಲನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ. ಹತ್ತು ಅಡಿ ದೂರದಿಂದ, ಬಾಗಿಲ ಗುಂಡು ಹಿಡಿ ತಿರುಗಿಸಿದಂತೆ ಮಣಿಕಟ್ಟನ್ನು ತಿರುಗಿಸಿ. ಹತ್ತಕ್ಕೆ ಮೂರು ಬಾರಿ ಪಟ್ಟಿ ನೆಟ್ಟಗೆ ಹಿಂದಕ್ಕೆ ಉರುಳುತ್ತದೆ. ಪಂದ್ಯದಲ್ಲಿ ಇನ್ನೂ ಎಸೆದಿಲ್ಲ.